ಕೊನೆಗೆ ಕಂಡದ್ದು ಎಲ್ಲಿ?

ಮಗುವೊಂದು ಕಾಣೆಯಾದರೆ ಊರಿಗೆ ಊರೇ ಕೇಳುವುದು ಒಂದೇ ಬಗೆಯ ಪ್ರಶ್ನೆಗಳನ್ನು. ಎಲ್ಲಿ ಆಡುತ್ತಿತ್ತು, ಕೊನೆಗೆ ನೋಡಿದವರು ಯಾರು, ಮೈಮೇಲೆ ಯಾವ ಬಟ್ಟೆ ಇತ್ತು? ನಲವತ್ತು ದಾಟಿದ ಗಂಡಸೋ ಮದುವೆಯಾದ ಹೆಂಗಸೋ ಮನೆಗೆ ಬಾರದೆ ಹೋದಾಗ ಈ ಪ್ರಶ್ನೆಗಳೇ ಬದಲಾಗುತ್ತವೆ. ಸಾಲ ಎಷ್ಟಿತ್ತು? ಗಂಡ ಹೆಂಡಿರ ನಡುವೆ ಏನಾದರೂ ಆಗಿತ್ತೆ? ಕುಡಿತವೆ? ಯಾರ ಜತೆಗಾದರೂ ಸಲುಗೆಯೆ? ಠಾಣೆಯ ಮೆಟ್ಟಿಲು ಹತ್ತುವ ಮೊದಲೇ ನೆಂಟರಿಷ್ಟರು ಕಾಣೆಯಾದವರ ಮನಸ್ಸಿನೊಳಗೆ ಹೊಕ್ಕು ತೀರ್ಪು ಬರೆದಿರುತ್ತಾರೆ. ಠಾಣೆಯಲ್ಲಿ ಕುಳಿತವರೂ ಅನೇಕ ಸಲ ಅದೇ ತೀರ್ಪಿಗೆ ಮೊಹರು ಒತ್ತುತ್ತಾರೆ: "ಎಲ್ಲೋ ಹೋಗಿರ್ತಾರೆ, ಎರಡು ದಿನ ನೋಡಿ, ಬರ್ತಾರೆ." ನನ್ನ ವಾದ ಇಷ್ಟೇ. ತಾವಾಗಿಯೇ ಹೋದರು ಎನ್ನುವುದು ತನಿಖೆಯ ಕೊನೆಗೆ ಬರಬೇಕಾದ ಮಾತು. ಅದನ್ನು ಮೊದಲಿಗೇ ತಂದು ಕೂರಿಸಿದರೆ ತನಿಖೆ ಶುರುವಾಗುವುದೇ ಇಲ್ಲ. ದೊಡ್ಡವರ ನಾಪತ್ತೆಯನ್ನೂ ಮಗುವಿನದರಂತೆಯೇ, ಕೊನೆಯದಾಗಿ ಖಚಿತವಾಗಿ ಕಂಡ ಜಾಗದಿಂದ, ಆ ಗಳಿಗೆಯಿಂದ ಹಿಡಿದುಕೊಂಡು ಹೋಗಬೇಕು. ಯಾಕೆ ಹೋದರು ಎಂಬುದು ಆಮೇಲಿನ ಪ್ರಶ್ನೆ.

ಇದಕ್ಕೆ ನಾನು ಆರಿಸಿಕೊಂಡಿರುವ ಮುಖ್ಯ ಉದಾಹರಣೆ ಇಟಲಿಯದು. ಎತ್ತೊರೆ ಮಯೊರಾನ ಎಂಬ ಭೌತವಿಜ್ಞಾನಿ ಹುಟ್ಟಿದ್ದು 1906ರಲ್ಲಿ, ಸಿಸಿಲಿ ದ್ವೀಪದ ಕತಾನಿಯಾ ನಗರದಲ್ಲಿ. ರೋಮಿನಲ್ಲಿ ಎನ್ರಿಕೊ ಫರ್ಮಿಯ ಸುತ್ತ ನೆರೆದಿದ್ದ ಹುಡುಗರ ಗುಂಪಿನಲ್ಲಿ ಎಲ್ಲರಿಗಿಂತ ಚುರುಕು ಎನಿಸಿಕೊಂಡವನು. 1933ರಲ್ಲಿ ಲೈಪ್‌ಜಿಗ್‌ಗೆ ಹೋಗಿ ಹೈಸೆನ್‌ಬರ್ಗ್ ಜತೆ ಕೆಲಸ ಮಾಡಿ ಬಂದ. ಬಂದವನು ಮುಂದಿನ ಕೆಲವು ವರ್ಷ ಹೆಚ್ಚುಕಡಿಮೆ ಮನೆ ಬಿಟ್ಟು ಹೊರಬರಲಿಲ್ಲ. 1937ರಲ್ಲಿ ಅವನು ಪ್ರಕಟಿಸಿದ ಒಂದು ಪ್ರಬಂಧ ಇವತ್ತಿಗೂ ಜೀವಂತವಾಗಿದೆ. ನ್ಯೂಟ್ರಿನೊ ಎಂಬ ಕಣಕ್ಕೆ ಅದೇ ಪ್ರತಿಕಣವೂ ಆಗಿರಬಹುದೆ ಎಂದು ಪ್ರಯೋಗಶಾಲೆಗಳು ಹುಡುಕುತ್ತಿರುವುದು ಆ ಪ್ರಬಂಧದ ಜಾಡಿನಲ್ಲೇ. ಅದೇ ವರ್ಷ, ವಿಶೇಷ ಪ್ರತಿಭೆ ಎಂಬ ಕಾರಣ ಕೊಟ್ಟು, ಸ್ಪರ್ಧೆಯಿಲ್ಲದೆ ಅವನನ್ನು ನೇಪಲ್ಸ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕನನ್ನಾಗಿ ನೇಮಿಸಿದರು. 1938ರ ಜನವರಿಯಲ್ಲಿ ಪಾಠ ಶುರುಮಾಡಿದ. ಮಾರ್ಚ್ ಕೊನೆಯ ಹೊತ್ತಿಗೆ ಆತ ಇರಲಿಲ್ಲ. ವಯಸ್ಸು 31.

ಹೋಗುವಾಗ ಅವನು ಬಿಟ್ಟುಹೋದ ಕಾಗದಗಳು ಇವೆ. ಮಾರ್ಚ್ 25ರಂದು ನೇಪಲ್ಸ್‌ನಿಂದ ತನ್ನ ವಿಭಾಗದ ಮುಖ್ಯಸ್ಥ ಕರೆಲ್ಲಿಗೆ ಬರೆದ ಪತ್ರದಲ್ಲಿ, ತಪ್ಪಿಸಲಾಗದ ಒಂದು ನಿರ್ಧಾರಕ್ಕೆ ಬಂದಿದ್ದೇನೆ, ಇದರಿಂದ ನಿಮಗೂ ವಿದ್ಯಾರ್ಥಿಗಳಿಗೂ ತೊಂದರೆಯಾಗುತ್ತದೆ, ಕ್ಷಮಿಸಿ, ನಿಮ್ಮೆಲ್ಲರ ನೆನಪನ್ನು ಇವತ್ತು ರಾತ್ರಿ ಹನ್ನೊಂದರವರೆಗಾದರೂ ಇಟ್ಟುಕೊಳ್ಳುತ್ತೇನೆ, ಸಾಧ್ಯವಾದರೆ ಆಮೇಲೂ ಎಂಬ ಧಾಟಿಯಿದೆ. ಹೋಟೆಲ್ ಕೋಣೆಯಲ್ಲಿ ಮನೆಯವರಿಗೆ ಬರೆದಿಟ್ಟ ಚೀಟಿಯಲ್ಲಿ, ಕಪ್ಪು ಬಟ್ಟೆ ತೊಡಬೇಡಿ, ಪದ್ಧತಿಗಾಗಿ ಏನಾದರೂ ಗುರುತು ತೊಟ್ಟರೂ ಮೂರು ದಿನ ಮೀರದಿರಲಿ ಎಂದಿದ್ದಾನೆ. ಆ ರಾತ್ರಿ ಪಲೆರ್ಮೊಗೆ ಹೋಗುವ ಹಡಗು ಹತ್ತಿದ. ಇಲ್ಲಿಗೇ ಕತೆ ಮುಗಿದಿದ್ದರೆ ಅನುಮಾನಕ್ಕೆ ಜಾಗವಿರಲಿಲ್ಲ. ಆದರೆ ಮರುದಿನ ಪಲೆರ್ಮೊದಿಂದ ಕರೆಲ್ಲಿಗೆ ತಂತಿ ಬಂತು: ಮೊದಲಿನ ಪತ್ರವನ್ನು ಲೆಕ್ಕಕ್ಕಿಡಬೇಡಿ. ತಂತಿಯ ಹಿಂದೆಯೇ ಅಲ್ಲಿನ ಹೋಟೆಲಿನ ಕಾಗದದಲ್ಲಿ ಬರೆದ ಪತ್ರ ಬಂತು: ಸಮುದ್ರ ನನ್ನನ್ನು ಒಲ್ಲೆ ಎಂದಿತು, ನಾಳೆ ವಾಪಸು ಬರುತ್ತೇನೆ, ಆದರೆ ಪಾಠ ಹೇಳುವುದನ್ನು ಬಿಡುವ ಯೋಚನೆಯಿದೆ. ಅವನ ಕೈಬರಹದ ಕೊನೆಯ ಕಾಗದ ಅದೇ.

ಮುಂದೇನಾಯಿತು? ಮಾರ್ಚ್ 26ರ ರಾತ್ರಿ ಪಲೆರ್ಮೊದಿಂದ ನೇಪಲ್ಸ್‌ಗೆ ಹಡಗು ಹೊರಟಿತು. ಮಯೊರಾನನ ಹೆಸರಿನ ವಾಪಸಿನ ಟಿಕೆಟ್ ಬಳಕೆಯಾಗಿದೆ ಎಂಬ ಮಾಹಿತಿ ಹಡಗಿನ ಕಂಪನಿಯ ಕಡೆಯಿಂದ ಬಂತು. ಆ ಕ್ಯಾಬಿನ್‌ನಲ್ಲಿ ಮೂರು ಹಾಸಿಗೆ. ಒಂದರಲ್ಲಿ ಮಲಗಿದ್ದವರು ಪಲೆರ್ಮೊದ ಗಣಿತದ ಪ್ರಾಧ್ಯಾಪಕ ಸ್ಟ್ರಾಟ್ಸೆರಿ. ಇನ್ನೊಂದು ಮಯೊರಾನನದು. ಮೂರನೆಯದು ಇಂಗ್ಲಿಷ್ ಹೆಸರಿನ ಒಬ್ಬ ಪ್ರಯಾಣಿಕನದು. ಸ್ಟ್ರಾಟ್ಸೆರಿಯನ್ನು ವಿಚಾರಿಸಿದಾಗ, ತಾನು ಒಬ್ಬ ಯುವಕನ ಜತೆ ಪ್ರಯಾಣ ಮಾಡಿದ್ದು ನಿಜ, ಅವನೇ ಮಯೊರಾನ ಇದ್ದಿರಬಹುದು ಎಂದರು. ಮೂರನೆಯವನ ಮಾತಿನ ವರಸೆ ಮಾತ್ರ ದಕ್ಷಿಣ ಇಟಲಿಯ ಅಂಗಡಿಯವನದಂತಿತ್ತು, ಇಂಗ್ಲಿಷಿನವನದಲ್ಲ ಎಂದರು. ಈ ಒಂದು ಸಾಕ್ಷ್ಯದ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ. ಸ್ಟ್ರಾಟ್ಸೆರಿ ಅದಕ್ಕೆ ಮೊದಲು ಮಯೊರಾನನನ್ನು ಕಂಡವರಲ್ಲ. ಮೂರನೆಯ ಟಿಕೆಟಿನ ಹೆಸರಿಗೂ ಅದರ ಮೇಲೆ ಮಲಗಿದವನಿಗೂ ಹೊಂದಾಣಿಕೆಯಿಲ್ಲ ಎಂದಾದರೆ, ಎರಡನೆಯ ಟಿಕೆಟಿನ ಹೆಸರಿಗೂ ಮನುಷ್ಯನಿಗೂ ಹೊಂದಾಣಿಕೆಯಿತ್ತು ಎಂದು ಯಾರು ಹೇಳಬೇಕು? ಪಲೆರ್ಮೊದಿಂದ ನೇಪಲ್ಸ್‌ಗೆ ಒಂದು ಟಿಕೆಟ್ ಬಂತು, ಅಷ್ಟು ಖಚಿತ. ಅದನ್ನು ಕಿಸೆಯಲ್ಲಿಟ್ಟುಕೊಂಡು ಬಂದವನು ಯಾರು ಎಂಬುದು ಖಚಿತವಲ್ಲ. ಮಯೊರಾನನನ್ನು ಹಿಡಿದು ನಿಲ್ಲಿಸಬಹುದಾದ ಕೊನೆಯ ಜಾಗ ಮಾರ್ಚ್ 26ರ ಪಲೆರ್ಮೊ. ಅದರಿಂದ ಈಚೆಗೆ ಇರುವುದೆಲ್ಲ ಊಹೆ.

ಸರ್ಕಾರ ಹುಡುಕಲಿಲ್ಲವೆ? ಹುಡುಕಿತು. ಅವನ ತಾಯಿ ಮುಸೊಲಿನಿಗೇ ಪತ್ರ ಬರೆದರು. ಫರ್ಮಿ ಅದಕ್ಕೆ ಬೆಂಬಲವಾಗಿ ಇನ್ನೊಂದು ಬರೆದ. 30,000 ಲಿರಾ ಬಹುಮಾನ ಸಾರಿದರು. ಹುಡುಕಾಟದ ದಿಕ್ಕನ್ನು ನಿರ್ಧರಿಸಿದ್ದು ಮಾತ್ರ ಮೊದಲ ಪತ್ರದ ಮನಃಸ್ಥಿತಿ. ಆತ್ಮಹತ್ಯೆ ಎಂದು ಒಪ್ಪಿದವರು ಸಮುದ್ರದ ಕಡೆ ನೋಡಿದರು. ಒಪ್ಪದ ಮನೆಯವರು, ಅವನ ಪಾಸ್‌ಪೋರ್ಟ್ ಕಾಣುತ್ತಿಲ್ಲ, ಬಾಕಿ ಸಂಬಳ ತೆಗೆದುಕೊಂಡು ಹೋಗಿದ್ದಾನೆ, ಸಾಯುವವನಿಗೆ ಅವೆಲ್ಲ ಯಾಕೆ ಎಂದು ಮಠಗಳ ಬಾಗಿಲು ತಟ್ಟಿದರು. ನೇಪಲ್ಸ್‌ನ ಒಂದು ಚರ್ಚಿನಲ್ಲಿ ಅಂಥ ಯುವಕನೊಬ್ಬ ಬಂದು ಆಶ್ರಯ ಕೇಳಿದ್ದನಂತೆ. ಅವನನ್ನು ಬಲ್ಲ ಒಬ್ಬ ದಾದಿ ಏಪ್ರಿಲ್‌ನಲ್ಲಿ ಬೀದಿಯಲ್ಲಿ ಕಂಡಳಂತೆ. ಈ "ಅಂತೆ"ಗಳನ್ನು ಆಯಾ ವಾರದಲ್ಲೇ ಜಾಗಕ್ಕೆ ಹೋಗಿ, ಫೋಟೊ ತೋರಿಸಿ, ದಿನ ಗಂಟೆ ಬರೆದುಕೊಂಡು ಒರೆಗೆ ಹಚ್ಚಿದ್ದರೆ ಒಂದಾದರೂ ನಿಲ್ಲುತ್ತಿತ್ತೋ ಬೀಳುತ್ತಿತ್ತೋ. ಈಗ ಯಾವುದೂ ನಿಲ್ಲುವುದೂ ಇಲ್ಲ, ಬೀಳುವುದೂ ಇಲ್ಲ.

ಪುರಾವೆ ತೆಳುವಾದಲ್ಲಿ ಕತೆ ದಪ್ಪವಾಗುತ್ತದೆ. 1975ರಲ್ಲಿ ಸಿಸಿಲಿಯ ಹೆಸರಾಂತ ಲೇಖಕ ಲಿಯೊನಾರ್ಡೊ ಶಾಶಾ ಈ ನಾಪತ್ತೆಯ ಮೇಲೆ ಒಂದು ಪುಸ್ತಕ ಬರೆದ. ಅಣುಬಾಂಬು ಬರಲಿದೆ ಎಂದು ಮಯೊರಾನ ಮುಂಚೆಯೇ ಕಂಡುಕೊಂಡ, ಹೆದರಿ ವಿಜ್ಞಾನವನ್ನೇ ತೊರೆದು ಮಠ ಸೇರಿದ ಎಂಬುದು ಅದರ ಸೂಚನೆ. ಬರವಣಿಗೆ ಸೊಗಸಾದದ್ದು, ಓದಿದವರು ಮರೆಯುವಂಥದ್ದಲ್ಲ. ಕಾಲಾನುಕ್ರಮ ಮಾತ್ರ ಅದಕ್ಕೆ ಅಡ್ಡ ನಿಲ್ಲುತ್ತದೆ. ಯುರೇನಿಯಂ ಪರಮಾಣು ಒಡೆಯುತ್ತದೆ ಎಂಬುದು ಜರ್ಮನಿಯಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಪ್ರಯೋಗದಿಂದ ಗೊತ್ತಾದದ್ದು 1938ರ ಡಿಸೆಂಬರಿನಲ್ಲಿ, ಮಯೊರಾನ ಮರೆಯಾಗಿ ಒಂಬತ್ತು ತಿಂಗಳಾದ ಮೇಲೆ. ಅವನ ಸಹೋದ್ಯೋಗಿ ಅಮಾಲ್ಡಿ ಈ ಊಹೆಯನ್ನು ಒಪ್ಪಲೇ ಇಲ್ಲ. 2015ರಲ್ಲಿ ರೋಮಿನ ಸರ್ಕಾರಿ ಅಭಿಯೋಜಕರು ಮತ್ತೊಂದು ಕತೆಯೊಂದಿಗೆ ಕಡತ ಮುಚ್ಚಿದರು: 1955ರ ಹೊತ್ತಿಗೆ ವೆನಿಜುವೆಲಾದಲ್ಲಿ "ಬಿನಿ" ಎಂಬ ಹೆಸರಿನಲ್ಲಿದ್ದವನೇ ಮಯೊರಾನ, ಅಪರಾಧ ಏನೂ ನಡೆದಿಲ್ಲ. ಆಧಾರ ಒಂದು ಹಳೆಯ ಫೋಟೊ, ಮುಖಲಕ್ಷಣಗಳ ಹೋಲಿಕೆ, ಮತ್ತು ಆ ಮನುಷ್ಯನ ಕಾರಿನಲ್ಲಿ ಸಿಕ್ಕಿತೆನ್ನುವ, ಮಯೊರಾನನ ದೊಡ್ಡಪ್ಪ 1920ರಲ್ಲಿ ಬೇರೊಬ್ಬರಿಗೆ ಬರೆದಿದ್ದ ಅಂಚೆಕಾರ್ಡು. 31ರ ಹರೆಯದ ಮುಖವನ್ನು ಐವತ್ತರ ಹತ್ತಿರದ ಮುಖದ ಪಕ್ಕದಲ್ಲಿಟ್ಟು ಹೌದು ಎನ್ನುವುದಕ್ಕೆ ಬೇಕಾದ ಧೈರ್ಯ ನನಗಂತೂ ಇಲ್ಲ. ಅನೇಕ ಇತಿಹಾಸಕಾರರಿಗೂ ಇರಲಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ಸಣ್ಣದಲ್ಲ. ಮನಸ್ಸೂ ಒಂದು ಪುರಾವೆಯೇ ಅಲ್ಲವೆ? ಮೂರು ದಿನ ಮೀರಿ ಶೋಕ ಬೇಡ ಎಂದು ಬರೆದಿಟ್ಟವನ ಮನಃಸ್ಥಿತಿಯನ್ನು ಕಡೆಗಣಿಸಿ, ಬರೀ ಟಿಕೆಟ್ ಎಣಿಸುತ್ತ ಕೂರುವುದು ಎಂಥ ತನಿಖೆ? ನಿಜ, ಕಡೆಗಣಿಸಬಾರದು. ಅಂಥ ಚೀಟಿ ಕಂಡರೆ ಹುಡುಕಾಟದ ವೇಗ ಹತ್ತು ಪಟ್ಟು ಹೆಚ್ಚಬೇಕು; ಜೀವ ಉಳಿಸುವ ಗಂಟೆಗಳು ಅವೇ. ಆದರೆ ಯಾವುದೇ ಪತ್ರ ಮೊದಲು ಒಂದು ವಸ್ತು. ಅದನ್ನು ಎಲ್ಲಿ ಬರೆದರು, ಯಾರ ಕಾಗದದ ಮೇಲೆ, ಯಾವ ಅಂಚೆಯ ಮುದ್ರೆ, ಎಷ್ಟು ಗಂಟೆಗೆ ತಲುಪಿತು, ಕೈಬರಹ ಯಾರದು ಎಂಬ ಪ್ರಶ್ನೆಗಳಿಗೆ ಉತ್ತರ ಒಂದೇ ಇರುತ್ತದೆ. ಬರೆದವನು ಏನು ಅಂದುಕೊಂಡಿದ್ದ ಎಂಬ ಪ್ರಶ್ನೆಗೆ ಓದುಗರೆಷ್ಟೋ ಅಷ್ಟು ಉತ್ತರ. ಮಯೊರಾನನ ಪತ್ರಗಳು ಒಂದನ್ನೊಂದು ಅಲ್ಲಗಳೆಯುತ್ತವೆ. ಒಂದು ಹೋಗುತ್ತೇನೆ ಎನ್ನುತ್ತದೆ, ಇನ್ನೊಂದು ಬರುತ್ತೇನೆ ಎನ್ನುತ್ತದೆ. ಮನಸ್ಸನ್ನು ನಂಬಿದವರು ತಮಗೆ ಬೇಕಾದ ಪತ್ರವನ್ನು ಆರಿಸಿಕೊಂಡರು. ಹೋಟೆಲಿನ ಹೆಸರು ಅಚ್ಚಾದ ಆ ಕಾಗದವನ್ನು ನಂಬಿದ್ದರೆ ಪಲೆರ್ಮೊದ ಬಂದರು, ಹೋಟೆಲ್ ನೌಕರರು, ಆ ರಾತ್ರಿಯ ಹಡಗಿನ ಸಿಬ್ಬಂದಿ, ಇವರಿಂದ ಹುಡುಕಾಟ ಹೊರಡುತ್ತಿತ್ತು.

ಹೀಗೆ ಹೊರಟ ಹುಡುಕಾಟ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ನಮ್ಮ ಪಕ್ಕದ ಕೇರಳದಲ್ಲೇ ಒಂದು ಉದಾಹರಣೆಯಿದೆ. ತುರ್ತುಪರಿಸ್ಥಿತಿಯ ಕಾಲ. ಕಲ್ಲಿಕೋಟೆಯ ರೀಜನಲ್ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ಪಿ. ರಾಜನ್, 1976ರ ಮಾರ್ಚ್ 1ರ ಬೆಳಗ್ಗೆಯಿಂದ ಇಲ್ಲ. ಪೊಲೀಸರು ಅವನನ್ನು ಹಿಡಿದೇ ಇಲ್ಲ ಎಂದರು. ಅಂದಮೇಲೆ ಅವನೇ ಎಲ್ಲಿಗೋ ಹೋಗಿರಬೇಕು. ನಕ್ಸಲರ ಜತೆ ತಲೆಮರೆಸಿಕೊಂಡಿರಬೇಕು. ಆ ಕಾಲದಲ್ಲಿ ಸುಲಭವಾಗಿ ನಂಬಬಹುದಾದ ಕತೆಯೇ. ಅವನ ತಂದೆ ಈಚರ ವಾರಿಯರ್, ಹಿಂದಿ ಪ್ರಾಧ್ಯಾಪಕರಾಗಿದ್ದವರು, ಮಗನ ಮನಸ್ಸಿನಲ್ಲಿ ಏನಿತ್ತು ಎಂದು ವಾದಿಸಲು ಹೋಗಲಿಲ್ಲ. ಅವನನ್ನು ಕೊನೆಗೆ ಕಂಡವರು ಯಾರು ಎಂದು ಹಿಡಿದರು. ಪೊಲೀಸರು ಕರೆದೊಯ್ದ ವಿಷಯವನ್ನು ಪ್ರಾಂಶುಪಾಲರು ಅವರಿಗೆ ಪತ್ರ ಬರೆದು ತಿಳಿಸಿದ್ದರು. ಹಾಸ್ಟೆಲಿನಿಂದ ಒಯ್ದದ್ದನ್ನು ಕಂಡ ಸಹಪಾಠಿಗಳಿದ್ದರು. ಕಕ್ಕಯಂನ ಪೊಲೀಸ್ ಶಿಬಿರದಲ್ಲಿ ಅವನನ್ನು ನೋಡಿದ ಬೇರೆ ಬಂಧಿತರಿದ್ದರು. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ತುರ್ತುಪರಿಸ್ಥಿತಿಯಲ್ಲಿ ಬಂಧಿತನನ್ನು ಹಾಜರುಪಡಿಸಿ ಎನ್ನುವ ಹೇಬಿಯಸ್ ಕಾರ್ಪಸ್ ಅರ್ಜಿಗೆ ಅವಕಾಶವಿಲ್ಲ ಎಂದುಬಿಟ್ಟಿದ್ದರಿಂದ ಆ ಬಾಗಿಲು ಮುಚ್ಚಿತ್ತು. 1977ರ ಮಾರ್ಚಿನಲ್ಲಿ ತುರ್ತುಪರಿಸ್ಥಿತಿ ತೆರವಾದ ಕೂಡಲೇ ವಾರಿಯರ್ ಕೇರಳ ಹೈಕೋರ್ಟಿಗೆ ಹೋದರು. ಸರ್ಕಾರದ ಪ್ರಮಾಣಪತ್ರಕ್ಕೆ ಎದುರಾಗಿ ಈ ಸಾಕ್ಷಿಗಳ ಮಾತು ನಿಂತಿತು. ಪೊಲೀಸರು ಹಿಡಿದದ್ದು ನಿಜ, ಹುಡುಗನನ್ನು ಹಾಜರುಪಡಿಸಿ ಎಂದು ಏಪ್ರಿಲ್‌ನಲ್ಲಿ ಕೋರ್ಟು ಆದೇಶಿಸಿತು. ಅದೇ ತಿಂಗಳು ಮುಖ್ಯಮಂತ್ರಿ ಕೆ. ಕರುಣಾಕರನ್ ರಾಜೀನಾಮೆ ಕೊಟ್ಟರು. ರಾಜನ್ ಶಿಬಿರದಲ್ಲೇ ಸತ್ತಿದ್ದಾನೆ ಎಂದು ಆಮೇಲೆ ಸರ್ಕಾರವೇ ಒಪ್ಪಿಕೊಂಡಿತು. ಶವ ಸಿಗಲಿಲ್ಲ, ಕೊಲೆಗಾಗಿ ಯಾರಿಗೂ ಶಿಕ್ಷೆಯೂ ಆಗಲಿಲ್ಲ. ಹಾಗಿದ್ದೂ, ಅವನು ತಾನಾಗಿ ಎಲ್ಲಿಗೂ ಹೋಗಿರಲಿಲ್ಲ ಎಂಬುದು ನ್ಯಾಯಾಲಯದ ದಾಖಲೆಯಲ್ಲಿದೆ.

ಇದು ಸರಿಯಾದ ಹೋಲಿಕೆಯಲ್ಲ, ರಾಜನ್‌ಗೆ ಸಾಕ್ಷಿಗಳಿದ್ದರು, ಮಯೊರಾನನಿಗೆ ಇರಲಿಲ್ಲ ಎನ್ನಬಹುದು. ಮಯೊರಾನನ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದ ಪ್ರಾಧ್ಯಾಪಕರೂ ಸಾಕ್ಷಿಯೇ. ಮಾರ್ಚ್ 27ರ ಬೆಳಗ್ಗೆ ಕೇಳಿದ್ದರೆ ಮುಖ ನೆನಪಿರುತ್ತಿತ್ತು. ಕೇಳಿದ್ದು ವಾರಗಳು ಕಳೆದ ಮೇಲೆ. ಇವತ್ತಿನ ಸ್ಥಿತಿಯೂ ಇದೇ. ಈಗ ಟಿಕೆಟಿನ ಜಾಗಕ್ಕೆ ಮೊಬೈಲ್ ಬಂದಿದೆ. ಫೋನು ಕೊನೆಗೆ ಯಾವ ಟವರಿನ ಕೆಳಗಿತ್ತು ಎಂದು ತಿಳಿದ ಕೂಡಲೇ ಆ ಮನುಷ್ಯನೂ ಅಲ್ಲಿಯೇ ಇದ್ದ ಎಂದು ಬರೆದುಕೊಳ್ಳುತ್ತೇವೆ. ಫೋನನ್ನು ಬಸ್ಸಿನ ಸೀಟಿನಡಿ ತುರುಕಿ ಕಳಿಸಬಹುದು, ಕದ್ದವನು ಒಯ್ದಿರಬಹುದು. ಅದು ಬಿಟ್ಟುಹೋದ ಜಾಡಿನ ಪಕ್ಕದಲ್ಲಿ ಮನುಷ್ಯನ ಮುಖ ಕಾಣುವ ಒಂದು ತುಣುಕು ಬೇಕು: ಎಟಿಎಂನ ಕ್ಯಾಮೆರಾ, ಬಸ್ ನಿಲ್ದಾಣದ ಸಿಸಿಟಿವಿ, ಟೀ ಅಂಗಡಿಯವನ ನೆನಪು. ಸಿಸಿಟಿವಿಯ ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಕೂರುತ್ತದೆ. ಟೀ ಅಂಗಡಿಯವನ ನೆನಪು ಅದಕ್ಕಿಂತ ಬೇಗ ಅಳಿಸುತ್ತದೆ. "ಎರಡು ದಿನ ನೋಡಿ" ಎಂದು ಹೇಳುವ ಹೊತ್ತಿನಲ್ಲಿ ಕಳೆದುಹೋಗುವುದು ಇವೇ.

ಹಾಗೆ ನೋಡಿದರೆ, ದೂರು ಕೊಡಲು 24 ಗಂಟೆ ಕಾಯಬೇಕು ಎಂದು ನಮ್ಮಲ್ಲಿ ಯಾವ ಕಾನೂನೂ ಹೇಳಿಲ್ಲ. ಸಿನಿಮಾ ನೋಡಿ ಕಲಿತದ್ದೋ ಏನೋ, ಎಲ್ಲರ ಬಾಯಲ್ಲೂ ಅದಿದೆ. ಕರ್ನಾಟಕದ ಠಾಣೆಗಳಲ್ಲಿ "ಮನುಷ್ಯ ಕಾಣೆ", "ಹೆಂಗಸು ಕಾಣೆ" ಎಂಬ ತಲೆಬರಹದಲ್ಲಿ ಪ್ರಕರಣ ದಾಖಲಾಗುತ್ತದೆ, ಜತೆಗೊಂದು ಚಹರೆ ಪಟ್ಟಿ ತಯಾರಾಗುತ್ತದೆ. ಪತ್ರಿಕೆಗಳಲ್ಲಿ, ಇದೇ ಬಾನುಲಿಯಲ್ಲಿ, ಆ ಪಟ್ಟಿಯನ್ನು ನೀವು ಕೇಳಿರುತ್ತೀರಿ: ಸಾಧಾರಣ ಮೈಕಟ್ಟು, ಎಣ್ಣೆಗೆಂಪು ಮೈಬಣ್ಣ, ಕೋಲುಮುಖ, ಕಪ್ಪು ಕೂದಲು. ಅರ್ಧ ಕರ್ನಾಟಕ ಈ ಪಟ್ಟಿಯೊಳಗೆ ಬಂದು ನಿಲ್ಲುತ್ತದೆ. ಮೇಲಿನ ದವಡೆಯಲ್ಲಿ ಕಟ್ಟಿಸಿದ ಹಲ್ಲು, ಹರ್ನಿಯಾ ಆಪರೇಷನ್ನಿನ ಹೊಲಿಗೆ, ಮುಂಗೈ ಮೇಲೆ ಹಸಿರು ಹಚ್ಚೆಯಲ್ಲಿ ಬರೆಸಿದ ಹೆಸರು, ಎಡಗಾಲ ಕಿರುಬೆರಳಿಲ್ಲ, ಇಂಥ ಒಂದು ಸಾಲು ಆ ಇಡೀ ಪಟ್ಟಿಗಿಂತ ತೂಕದ್ದು. ಯಾಕೆಂದರೆ ಇನ್ನೊಂದು ಜಿಲ್ಲೆಯ ಠಾಣೆಯಲ್ಲೋ ರೈಲ್ವೆ ಪೊಲೀಸರಲ್ಲೋ ಅಸ್ವಾಭಾವಿಕ ಮರಣ ಎಂದು ದಾಖಲಾದ ಅಪರಿಚಿತ ಶವವೊಂದು ಶವಾಗಾರದಲ್ಲಿ ಕಾದಿರುತ್ತದೆ. ಆಸ್ಪತ್ರೆಯಲ್ಲಿ ಹೆಸರು ಹೇಳಲಾಗದ ರೋಗಿಯೊಬ್ಬ ಮಲಗಿರುತ್ತಾನೆ. ಕಾಣೆಯಾದವರ ಕಡತವೂ ಸಿಕ್ಕವರ ಕಡತವೂ ಸಂಧಿಸಬೇಕಾದರೆ ಇಂಥ ಗುರುತು ಬೇಕು. ಇದನ್ನು ಬರೆದುಕೊಳ್ಳಲು ಹಣ ಬೇಡ, ಹೆಚ್ಚಿನ ಸಿಬ್ಬಂದಿಯೂ ಬೇಡ. ಮನೆಯವರನ್ನು ಕೂರಿಸಿಕೊಂಡು ಅರ್ಧ ಗಂಟೆ ಕೇಳುವ ವ್ಯವಧಾನ ಸಾಕು. ಬಹುತೇಕರು ತಾವೇ ವಾಪಸು ಬರುತ್ತಾರೆ, ಪ್ರತಿಯೊಬ್ಬರ ಹಿಂದೆಯೂ ಓಡಲಾಗದು ಎಂಬ ಪೊಲೀಸರ ಮಾತಿಗೆ ನನ್ನ ಉತ್ತರವೂ ಇದೇ. ಬರುವವರು ಯಾರು, ಬಾರದವರು ಯಾರು ಎಂದು ಮೊದಲ ದಿನ ಯಾರ ಹಣೆಯ ಮೇಲೂ ಬರೆದಿರುವುದಿಲ್ಲ.

ಉಳಿದದ್ದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ವಯಸ್ಕರಿಗೆ ಹೋಗುವ ಹಕ್ಕಿದೆ. ಹೊಡೆಯುವ ಗಂಡನಿಂದ, ಮೆಚ್ಚದ ಮದುವೆಯಿಂದ, ಜಾತಿಯ ಕಾವಲಿನಿಂದ ತಪ್ಪಿಸಿಕೊಂಡು ಹೋದ ಹೆಣ್ಣುಮಗಳನ್ನು ಪೊಲೀಸರ ಕೈಯಲ್ಲಿ ಹುಡುಕಿಸಿ ತಂದು ಮನೆಯವರಿಗೆ ಒಪ್ಪಿಸಿದರೆ ಅದು ತನಿಖೆಯಲ್ಲ, ಅಪರಾಧಕ್ಕೆ ನೆರವು. "ಹೆಂಗಸು ಕಾಣೆ" ದೂರುಗಳನ್ನು ಹೀಗೆ ಬಳಸಿಕೊಳ್ಳುವವರು ಇದ್ದಾರೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹುಡುಕುವುದು ಬೇರೆ, ಒಪ್ಪಿಸುವುದು ಬೇರೆ. ಆಕೆ ಸಿಕ್ಕ ಮೇಲೆ, ಮನೆಯವರಿಲ್ಲದ ಜಾಗದಲ್ಲಿ ಕೂರಿಸಿ, ನಿನ್ನಿಚ್ಛೆಯಿಂದ ಬಂದೆಯಾ ಎಂದು ಕೇಳಿ, ಹೇಳಿದ್ದನ್ನು ಬರೆದುಕೊಂಡು, ಕ್ಷೇಮವಾಗಿದ್ದಾರೆ ಎಂದಷ್ಟೇ ದೂರು ಕೊಟ್ಟವರಿಗೆ ತಿಳಿಸಿ ಕಡತ ಮುಚ್ಚಬೇಕು. ವಿಳಾಸ ಕೊಡಬೇಕಾಗಿಲ್ಲ. ಬ್ರಿಟನ್ನಿನ ಪೊಲೀಸರು ಇದನ್ನೇ ಮಾಡುತ್ತಾರೆ. ವಯಸ್ಕ ಹೆಣ್ಣಿನ ಆಯ್ಕೆಯಲ್ಲಿ ತಂದೆತಾಯಿಗೂ ಕೋರ್ಟಿಗೂ ಪಾಲಿಲ್ಲ ಎಂದು 2018ರಲ್ಲಿ ಹಾದಿಯಾ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಆಕೆ ಸ್ವಂತ ಇಚ್ಛೆಯಿಂದ ಹೋದಳು ಎಂದು ಆಕೆಯ ಬಾಯಿಂದಲೇ ಕೇಳಿದರೆ ಅದು ಪುರಾವೆ, ಬೇರೆಯವರು ಹೇಳಿದರೆ ಊಹೆ. ಹೆಂಡತಿಯನ್ನು ಕೊಂದು ಹೂತವನೂ ಠಾಣೆಗೆ ಬಂದು ಹೇಳುವುದು ಅದೇ ಊಹೆಯನ್ನೇ: "ಯಾರ ಜತೆಗೋ ಓಡಿಹೋಗಿದ್ದಾಳೆ ಸಾರ್." ಹೋಗುವ ಹಕ್ಕನ್ನು ಗೌರವಿಸುವವರಿಗೆ ಹೋದದ್ದು ನಿಜವೇ ಎಂದು ನೋಡುವ ಕೆಲಸ ಇನ್ನೂ ಹೆಚ್ಚು.

ಏನು ಮಾಡಿದರೂ ಪತ್ತೆಯಾಗದವರು ಉಳಿಯುತ್ತಾರೆ. ಅವರ ವಿಷಯದಲ್ಲಿ ಕಾನೂನು ತೋರುವ ಸಂಯಮ ಗಮನಿಸಬೇಕಾದದ್ದು. ಬದುಕಿದ್ದರೆ ಸುದ್ದಿ ತಿಳಿಯಬೇಕಾಗಿದ್ದವರಿಗೆ ಏಳು ವರ್ಷ ಯಾವ ಸುದ್ದಿಯೂ ಇಲ್ಲವಾದರೆ, ಬದುಕಿದ್ದಾರೆ ಎನ್ನುವವರೇ ಅದನ್ನು ರುಜುವಾತುಪಡಿಸಬೇಕು ಎಂದು 1872ರ ಸಾಕ್ಷ್ಯ ಅಧಿನಿಯಮ ಹೇಳಿತ್ತು. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು 111ನೆಯ ಕಲಮಾಗಿ ಉಳಿದಿದೆ. ಆದರೆ ಸತ್ತದ್ದು ಎಂದು? ಅದನ್ನು ಕಾನೂನು ಊಹಿಸುವುದಿಲ್ಲ. ಜೀವವಿಮಾ ನಿಗಮ ಮತ್ತು ಅನುರಾಧಾ ಎಂಬುವವರ ನಡುವಿನ ಮೊಕದ್ದಮೆಯಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ. ಕಾಣೆಯಾದ ದಿನವೇ ಸತ್ತರು ಎಂದು ಭಾವಿಸಿಕೊಳ್ಳುವಂತಿಲ್ಲ, ಹಾಗೆನ್ನುವವರು ಸಾಬೀತು ಮಾಡಬೇಕು. ಪಾಲಿಸಿಯ ಕಂತು ನಿಲ್ಲಿಸಿದ ಕುಟುಂಬಕ್ಕೆ ಇದು ಕಠಿಣವಾಗಿ ಕಾಣುತ್ತದೆ, ಕಠಿಣವೂ ಹೌದು. ಕೇಂದ್ರ ಸರ್ಕಾರಿ ನೌಕರರು ಕಾಣೆಯಾದರೆ ನಿಯಮ ಸ್ವಲ್ಪ ಮೃದು: ಠಾಣೆಯಲ್ಲಿ ದೂರು ದಾಖಲಾಗಿ ಆರು ತಿಂಗಳು ಕಳೆದ ಮೇಲೆ ಮನೆಯವರು ಕುಟುಂಬ ಪಿಂಚಣಿಗೆ ಅರ್ಜಿ ಹಾಕಬಹುದು. ಅರ್ಜಿಯ ಜತೆ ಕೇಳುವುದು ಎಫ್‌ಐಆರ್ ಪ್ರತಿ, ಪತ್ತೆಯಾಗಿಲ್ಲ ಎಂಬ ಪೊಲೀಸ್ ವರದಿ, ಮತ್ತು ಅವರು ಮರಳಿ ಬಂದರೆ ಹಣ ಹಿಂದಿರುಗಿಸುತ್ತೇವೆ ಎಂಬ ಮುಚ್ಚಳಿಕೆ. ಆ ಆರು ತಿಂಗಳ ಎಣಿಕೆ ಶುರುವಾಗುವುದು ಮನುಷ್ಯ ಮನೆ ಬಿಟ್ಟ ದಿನದಿಂದಲ್ಲ, ಠಾಣೆಯವರು ದೂರು ಬರೆದುಕೊಂಡ ದಿನದಿಂದ.